ಎಡ್ಜ್‌ವುಡ್ ಶಾಲೆಯ ಇಪ್ಪತ್ತಾರು ಡಾಲರ್

ಅಮೆರಿಕಕ್ಕೆ ಹೋದ ನಮ್ಮ ಸಾಫ್ಟ್‌ವೇರ್ ಹುಡುಗರು ಮನೆ ಕೊಳ್ಳುವಾಗ ಮೊದಲು ಕೇಳೋದು ಅಡುಗೆಮನೆ ಎಷ್ಟು ದೊಡ್ಡದು ಅಂತಲ್ಲ, ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು ಅಂತ. ಡಾಲಸ್ ಕಡೆ ಇರೋ ಗೆಳೆಯನೊಬ್ಬ ಫೋನಿನಲ್ಲಿ ಒಂದು ಗಂಟೆ ಇದೇ ಪುರಾಣ ಹೇಳಿದ. ಸರ್ಕಾರಿ ಶಾಲೆಗೆ ಇಷ್ಟೊಂದು ತಲೆಕೆಡಿಸಿಕೊಳ್ಳೋದು ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅದೇ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದ ಒಂದು ಹಳೇ ಕೇಸು. ಓದಿದಷ್ಟನ್ನು ಇಲ್ಲಿ ಹಾಕ್ತಿದ್ದೀನಿ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡ್ತೀನಿ. ನಮ್ಮಲ್ಲಿ ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ಬರೋದು ರಾಜ್ಯದ ಖಜಾನೆಯಿಂದ. ಊರ ತುಂಬಾ ಅಡಿಕೆ ತೋಟ ಇರಲಿ, ಬರಡು ನೆಲ ಇರಲಿ, ಅದಕ್ಕೂ ಸಂಬಳಕ್ಕೂ ಸಂಬಂಧ ಇಲ್ಲ. ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಜಿಲ್ಲೆ ಅಲ್ಲ. ಒಂದೇ ಊರಿನೊಳಗೆ ಹಲವಾರು ಇರಬಹುದು. ಟೆಕ್ಸಸ್ಸಿನಲ್ಲಿ ಪ್ರತಿಯೊಂದಕ್ಕೂ ತನ್ನದೇ ಗಡಿ, ಜನ ಆರಿಸಿದ ಬೋರ್ಡು, ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ತೆರಿಗೆ ಹಾಕೋ ಹಕ್ಕು.

ಸ್ಯಾನ್ ಆಂಟೋನಿಯೋದ ಎಡ್ಜ್‌ವುಡ್ ಡಿಸ್ಟ್ರಿಕ್ಟಿನಲ್ಲಿ ಆಗ ಸುಮಾರು 22,000 ಮಕ್ಕಳು. ನೂರಕ್ಕೆ 90ರಷ್ಟು ಮೆಕ್ಸಿಕನ್ ಮೂಲದವರು, 6ರಷ್ಟು ಕಪ್ಪು ಜನಾಂಗದವರು. ಕಾರ್ಖಾನೆ, ವ್ಯಾಪಾರ ಎಲ್ಲ ಅಷ್ಟಕ್ಕಷ್ಟೇ. 1968ರ ಮೇ 16ರಂದು ಅಲ್ಲಿನ ಹೈಸ್ಕೂಲಿನ ನೂರಾರು ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಅವರು ಕೇಳಿದ್ದು ದುರಸ್ತಿಯಾದ ಕಟ್ಟಡ ಮತ್ತು ಅರ್ಹತೆ ಇರೋ ಮೇಷ್ಟ್ರು. ಎರಡೇ ತಿಂಗಳಲ್ಲಿ, ಜುಲೈನಲ್ಲಿ, ಪೋಷಕರು ಕೋರ್ಟಿಗೆ ಹೋದರು. ಮೊದಲ ಹೆಸರು ಡಿಮೆಟ್ರಿಯೋ ರಾಡ್ರಿಗಸ್, ಕೆಲ್ಲಿ ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡ್ತಿದ್ದ ಮಾಜಿ ಸೈನಿಕ. ವಕೀಲ ಆರ್ಥರ್ ಗಾಕ್‌ಮನ್.

ಈಗ ಲೆಕ್ಕಕ್ಕೆ ಬನ್ನಿ, ನಂಗೆ ನಿದ್ದೆಗೆಡಿಸಿದ್ದು ಇದೇ. ಅದೇ ಊರಿನ ಇನ್ನೊಂದು ಡಿಸ್ಟ್ರಿಕ್ಟ್ ಅಲಾಮೋ ಹೈಟ್ಸ್, ಬಹುತೇಕ ಬಿಳಿಯರದ್ದು, ಅನುಕೂಲಸ್ಥರದ್ದು. ಎಡ್ಜ್‌ವುಡ್‌ನವರು ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು, ಆ ಪ್ರದೇಶಕ್ಕೆಲ್ಲ ಅದೇ ಜಾಸ್ತಿ. ಅಲಾಮೋ ಹೈಟ್ಸ್‌ನವರು ಕಟ್ಟುತ್ತಿದ್ದದ್ದು ಬರೀ 85 ಸೆಂಟ್. ಆದರೆ ಒಂದು ಮಗುವಿಗೆ ಹಂಚಿದರೆ ಎಡ್ಜ್‌ವುಡ್‌ನ ಆಸ್ತಿ 5,960 ಡಾಲರ್, ಅಲಾಮೋ ಹೈಟ್ಸ್‌ನದ್ದು 49,000ಕ್ಕೂ ಮೇಲೆ. 1967-68ರಲ್ಲಿ ಈ ತೆರಿಗೆಯಿಂದ ಎಡ್ಜ್‌ವುಡ್‌ನ ಒಂದು ಮಗುವಿಗೆ ಉಳಿದದ್ದು 26 ಡಾಲರ್, ಅಲ್ಲಿ 333. (ಗುಣಿಸಿ ನೋಡೋರಿಗೆ ತಾಳೆಯಾಗಲ್ಲ :) ರಾಜ್ಯದ ಕನಿಷ್ಠ ಯೋಜನೆಗೆ ಡಿಸ್ಟ್ರಿಕ್ಟ್ ಕೊಡಬೇಕಾದ ಪಾಲು ಕಳೆದ ಮೇಲಿನ ಮೊತ್ತ ಇದು.)

ಸರಿ, ರಾಜ್ಯ ಸರ್ಕಾರ ಬಡವರ ಕಡೆ ಜಾಸ್ತಿ ಕೊಟ್ಟಿರಬೇಕಲ್ಲ? ಎಡ್ಜ್‌ವುಡ್‌ಗೆ ಮಗುವಿಗೆ 222 ಡಾಲರ್, ಅಲಾಮೋ ಹೈಟ್ಸ್‌ಗೆ 225! ರಾಜ್ಯದ ಹಣದಲ್ಲಿ ಹೆಚ್ಚಿನದು ಮೇಷ್ಟ್ರ ಸಂಬಳಕ್ಕೆ, ಸಂಬಳ ಅವರ ಓದು-ಅನುಭವದ ಮೇಲೆ. ಹೆಚ್ಚು ಓದಿದವರು ಶ್ರೀಮಂತರ ಕಡೆ, ಅವರ ಹಿಂದೆ ರಾಜ್ಯದ ದುಡ್ಡೂ ಅತ್ತ. ಎಡ್ಜ್‌ವುಡ್‌ನಲ್ಲಿ ನೂರಕ್ಕೆ 47 ಮೇಷ್ಟ್ರು ಪೂರ್ಣ ಅರ್ಹತೆ ಇಲ್ಲದೆ ತುರ್ತು ಪರವಾನಗಿಯ ಮೇಲೆ ಪಾಠ ಮಾಡ್ತಿದ್ದರು, ಅಲಾಮೋ ಹೈಟ್ಸ್‌ನಲ್ಲಿ 11. ಕೇಂದ್ರದ ಹಣವೂ ಸೇರಿ ಒಟ್ಟು 356 ವಿರುದ್ಧ 594. ಈ ಮಕ್ಕಳಿಗೆ ಓದು ಹತ್ತಲ್ಲ ಅನ್ನೋ ಮೊದಲು ಈ ಅಂಕಿ ನೋಡಬೇಕಿತ್ತು.

1971ರಲ್ಲಿ ಕೆಳಗಿನ ಫೆಡರಲ್ ಕೋರ್ಟು ಪೋಷಕರ ಪರ ತೀರ್ಪು ಕೊಟ್ಟಿತು. 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು, 5-4. ತೀರ್ಪು ಬರೆದ ಲೂಯಿಸ್ ಪೊವೆಲ್ ಹಿಂದೆ ರಿಚ್‌ಮಂಡ್ ಶಾಲಾ ಬೋರ್ಡಿನ ಅಧ್ಯಕ್ಷರಾಗಿದ್ದವರು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಸ್ಥಳೀಯ ಹಿಡಿತ ಮುಖ್ಯ, ದುಡ್ಡು ಹೆಚ್ಚಾದರೆ ಓದು ಸುಧಾರಿಸುತ್ತೆ ಅನ್ನೋದರಲ್ಲಿ ಪಂಡಿತರಿಗೇ ಒಮ್ಮತ ಇಲ್ಲ ಅಂತ ಅವರ ವಾದ. (ನಮ್ಮ ಸುಪ್ರೀಂ ಕೋರ್ಟು 1992ರಲ್ಲಿ ಶಿಕ್ಷಣ ಹಕ್ಕು ಅಂತ ಹೇಳಿದ್ದು ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಕೇಸಿನಲ್ಲಿ, ಅದೂ ಕ್ಯಾಪಿಟೇಷನ್ ಫೀ ವಿಷಯದಲ್ಲಿ. ಇಂಜಿನಿಯರಿಂಗ್ ಓದಿದವರಿಗೆ ಆ ಪದ ವಿವರಿಸಬೇಕಿಲ್ಲ.)

ವಿರೋಧಿಸಿ ಬರೆದವರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್, ಶಾಲೆಗಳಲ್ಲಿ ಬಿಳಿಯರು-ಕರಿಯರನ್ನು ಬೇರೆ ಕೂರಿಸಬಾರದು ಅಂತ 1954ರಲ್ಲಿ ಬ್ರೌನ್ ಕೇಸು ಗೆದ್ದ ವಕೀಲ. ಅವರ ಮಾತಿನ ಸಾರ ನಂಗೆ ಬಹಳ ಹಿಡಿಸಿತು: ದುಡ್ಡಿನಿಂದ ವ್ಯತ್ಯಾಸ ಆಗಲ್ಲ ಅನ್ನೋದಾದರೆ, ಶ್ರೀಮಂತ ಡಿಸ್ಟ್ರಿಕ್ಟುಗಳು ಅದನ್ನು ಉಳಿಸಿಕೊಳ್ಳೋಕೆ ಈ ಕೋರ್ಟಿನ ತನಕ ಯಾಕೆ ಬಂದವು? ಪೊವೆಲ್ ಎತ್ತಿದ ಆ ಅನುಮಾನ ಹಾಗೇ ಉಳಿದಿಲ್ಲ. ಕಿರಾಬೊ ಜಾಕ್ಸನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೆಚ್ಚು ಖರ್ಚಾದ ಕಡೆಯ ಬಡ ಮಕ್ಕಳು ಹೆಚ್ಚು ವರ್ಷ ಓದಿದ್ದರು, ದೊಡ್ಡವರಾದ ಮೇಲೆ ಹೆಚ್ಚು ಸಂಪಾದಿಸಿದ್ದರು.

ಎಡ್ಜ್‌ವುಡ್ ಮಾತ್ರ ಬಿಡಲಿಲ್ಲ. 1984ರಲ್ಲಿ ಈ ಸಲ ರಾಜ್ಯದ ಕೋರ್ಟಿಗೆ ಹೋಯಿತು, ಯಾಕಂದ್ರೆ ಟೆಕ್ಸಸ್ ಸಂವಿಧಾನದಲ್ಲಿ ಉಚಿತ ಶಾಲೆಗಳ ದಕ್ಷ ವ್ಯವಸ್ಥೆ ನಡೆಸೋದು ರಾಜ್ಯದ ಕರ್ತವ್ಯ ಅಂತ ಬರೆದಿದೆ. ಅಷ್ಟರಲ್ಲಿ ಅತಿ ಶ್ರೀಮಂತ ಮತ್ತು ಅತಿ ಬಡ ಡಿಸ್ಟ್ರಿಕ್ಟುಗಳ ಆಸ್ತಿಯ ಅಂತರ ಮಗುವಿಗೆ 700 ಪಟ್ಟು ಆಗಿತ್ತು. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಒಮ್ಮತದಿಂದ ಎಡ್ಜ್‌ವುಡ್ ಪರ ನಿಂತಿತು. ಕೆಲವು ಕಾನೂನು ಬಿದ್ದುಹೋದ ಮೇಲೆ 1993ರದ್ದು ನಿಂತಿತು. ಶ್ರೀಮಂತ ಡಿಸ್ಟ್ರಿಕ್ಟಿನ ತೆರಿಗೆಯ ಒಂದು ಭಾಗ ಬೇರೆಯವರಿಗೆ ಹೋಗಬೇಕು ಅನ್ನೋ ಇದಕ್ಕೆ ಅಲ್ಲಿನವರು ಇಟ್ಟ ಹೆಸರು ರಾಬಿನ್ ಹುಡ್.

ಇದರಲ್ಲೂ ಒಂದು ತಮಾಷೆ ಇದೆ. ವರ್ಷಗಟ್ಟಲೆ ಈ ಲೆಕ್ಕದಲ್ಲಿ ಅತಿ ಹೆಚ್ಚು ಕಟ್ಟಿದ್ದು ಆಸ್ಟಿನ್ ಡಿಸ್ಟ್ರಿಕ್ಟು. ನಮ್ಮಂಥ ಸಾಫ್ಟ್‌ವೇರ್ ಜನ ಹೋಗಿ ಜಮೀನಿನ ಬೆಲೆ ಏರಿಸಿದ ಊರು ಅದು; ಕಾಗದದ ಮೇಲೆ ಶ್ರೀಮಂತ, ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಓದೋ ಮಕ್ಕಳಲ್ಲಿ ಬಡವರು ಬಹಳ.

ರಾಡ್ರಿಗಸ್ 2013ರಲ್ಲಿ ತೀರಿಕೊಂಡರು. 2016ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿನ ಮುಂದೆ ಮತ್ತೆ ಇದೇ ವಿಷಯ ಬಂದಾಗ, ವ್ಯವಸ್ಥೆಯಲ್ಲಿ ಊನ ಇದೆ, ಆದರೂ ಸಂವಿಧಾನ ಕೇಳೋ ಕನಿಷ್ಠ ಮಟ್ಟ ಮುಟ್ಟಿದೆ, ಉಳಿದದ್ದು ಶಾಸಕರ ಕೆಲಸ ಅಂತ ಹೇಳಿ ಕೋರ್ಟು ಫೈಲು ಮುಚ್ಚಿತು.