ಮೊದಲ ಮೊಬೈಲಿನ ಮೇಲೇಕೆ ಇಷ್ಟು ಮಮತೆ?

ಕೆಟ್ಟುಹೋದ ರೇಡಿಯೋವನ್ನಾಗಲಿ, ಟೇಪ್ ರೆಕಾರ್ಡರನ್ನಾಗಲಿ ಗುಜರಿಗೆ ಹಾಕಲು ನಮ್ಮ ಜನ ಹೆಚ್ಚು ಯೋಚಿಸುವುದಿಲ್ಲ. ಆದರೆ ಮೊದಲು ಕೊಂಡ ಮೊಬೈಲ್ ಸೆಟ್ ಮಾತ್ರ, ಬ್ಯಾಟರಿ ಉಬ್ಬಿ ವರ್ಷಗಳಾದರೂ, ಎಷ್ಟೋ ಮನೆಗಳ ಬೀರುವಿನಲ್ಲಿ ಭದ್ರವಾಗಿ ಕುಳಿತಿರುತ್ತದೆ. ಹೀಗೆ ಕಾಪಾಡಿಕೊಂಡು ಬಂದವರಲ್ಲಿ ಹೆಚ್ಚಿನವರು ಯಂತ್ರಗಳ ಒಳಹೊರಗು ಬಲ್ಲವರಲ್ಲ. ರೈತರು, ಅಂಗಡಿಯವರು, ಶಾಲಾ ಮಾಸ್ತರರು, ಗೃಹಿಣಿಯರು. ತಂತ್ರಜ್ಞಾನದ ಗಂಧವಿಲ್ಲದವರಿಗೆ ಒಂದು ಯಂತ್ರದ ಮೇಲೆ ಇಷ್ಟು ಅಕ್ಕರೆ ಹುಟ್ಟಿದ್ದಾದರೂ ಹೇಗೆ? ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊಬೈಲ್ ಬರುವ ಮುನ್ನ ದೂರವಾಣಿ ವ್ಯಕ್ತಿಯದಾಗಿರಲಿಲ್ಲ, ಮನೆಯದಾಗಿತ್ತು. ಅನೇಕ ವೇಳೆ ಪಕ್ಕದ ಮನೆಯದು. 1995ರ ಸುಮಾರಿಗೆ ಇಡೀ ದೇಶದಲ್ಲಿದ್ದ ದೂರವಾಣಿ ಸಂಪರ್ಕಗಳು ಒಂದು ಕೋಟಿಯ ಆಸುಪಾಸು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಸಾಮಾನ್ಯವಾಗಿತ್ತು. ಫೋನ್ ಇಲ್ಲದವರು ನೆರೆಯವರ ಸಂಖ್ಯೆ ಕೊಟ್ಟು, ಮುಂದೆ ‘ಪಿ.ಪಿ.’ ಎಂದು ಬರೆಯುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಕರೆ ಬಂದಾಗ ಆ ಮನೆಯ ಹುಡುಗ ಓಡಿ ಬಂದು ಕೂಗಬೇಕು; ಇವರು ಅವರ ನಡುಮನೆಯಲ್ಲಿ ನಿಂತು, ಎಲ್ಲರ ಎದುರು ಮಾತಾಡಬೇಕು. ಇಲ್ಲವಾದರೆ ಎಸ್‌ಟಿಡಿ ಬೂತಿನಲ್ಲಿ ಮೀಟರಿನ ಮೇಲೆ ಕಣ್ಣಿಟ್ಟು ಮಾತು ಮುಗಿಸಬೇಕು. ಸಾವಿನ ಸುದ್ದಿಯಾಗಲಿ, ಹೆಣ್ಣು ನೋಡಲು ಬರುವ ಸುದ್ದಿಯಾಗಲಿ, ಮೂರನೆಯವರ ಕಿವಿ ದಾಟಿಯೇ ಬರುತ್ತಿತ್ತು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ಮಾಡಿದ ಕರೆಯೊಂದಿಗೆ ಭಾರತದ ಮೊಬೈಲ್ ಯುಗ ಆರಂಭವಾಯಿತೆಂದು ಹೇಳುವುದು ವಾಡಿಕೆ. ಆದರೆ ಅದು ಶ್ರೀಸಾಮಾನ್ಯನ ಯುಗವಾಗಿರಲಿಲ್ಲ. ದಟ್ಟಣೆಯ ವೇಳೆಯಲ್ಲಿ ನಿಮಿಷಕ್ಕೆ 16 ರೂಪಾಯಿಗೂ ಹೆಚ್ಚು ದರ. ಸಾಲದ್ದಕ್ಕೆ ಬಂದ ಕರೆಗೂ ಹಣ ತೆರಬೇಕಿತ್ತು. ಫೋನ್ ಮೊಳಗಿದರೆ ಸಂತೋಷಕ್ಕಿಂತ ಖರ್ಚಿನ ಚಿಂತೆಯೇ ಮೊದಲು. ಸೆಟ್ಟಿನ ಮೇಲೆ ಮೂಡಿದ ಸಂಖ್ಯೆ ನೋಡಿ, ಕರೆ ಕತ್ತರಿಸಿ, ಹತ್ತಿರದ ಬೂತಿನಿಂದ ಮರಳಿ ಮಾತಾಡುತ್ತಿದ್ದವರೂ ಇದ್ದರು.

ಪರಿಸ್ಥಿತಿ ಬದಲಾದದ್ದು ನೀತಿಯಿಂದ. 1999ರ ಹೊಸ ದೂರಸಂಪರ್ಕ ನೀತಿಯು ಕಂಪನಿಗಳ ಭಾರೀ ಲೈಸೆನ್ಸ್ ಶುಲ್ಕದ ಬದಲು ಆದಾಯದಲ್ಲಿ ಪಾಲು ಪಡೆಯುವ ಪದ್ಧತಿಯನ್ನು ತಂದಿತು. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಗೆ ಇಳಿಯಿತು. 2003ರ ಮೇ ತಿಂಗಳಿಂದ ಕರೆ ಮಾಡಿದವರೇ ಹಣ ಕೊಡುವ ನಿಯಮ ಜಾರಿಗೆ ಬಂದು, ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ರಿಲಯನ್ಸ್ ಸಂಸ್ಥೆ 501 ರೂಪಾಯಿ ಮುಂಗಡಕ್ಕೆ ಸೆಟ್ ಕೊಡತೊಡಗಿತು. ನಮ್ಮ ಬಹುಪಾಲು ಕುಟುಂಬಗಳ ‘ಮೊದಲ ಮೊಬೈಲ್’ ಹುಟ್ಟಿದ್ದು ಇದರ ನಂತರದ ಐದಾರು ವರ್ಷಗಳಲ್ಲಿ.

ಆ ವರ್ಷವೇ ಮಾರುಕಟ್ಟೆಗೆ ಬಂದದ್ದು ನೋಕಿಯಾ 1100. ಅದರಲ್ಲಿ ಕ್ಯಾಮೆರಾ ಇಲ್ಲ, ಬಣ್ಣದ ಪರದೆಯಿಲ್ಲ. ಇದ್ದದ್ದು ಧೂಳು ನುಗ್ಗದ ರಬ್ಬರ್ ಗುಂಡಿಗಳು, ಕೈಯಿಂದ ಜಾರದ ಅಂಚು ಮತ್ತು ನೆತ್ತಿಯ ಮೇಲೊಂದು ಟಾರ್ಚ್. ಮೂರು ಫೇಸ್ ಕರೆಂಟು ಬರುವುದು ನಡುರಾತ್ರಿಯಲ್ಲಾದರೆ, ಮೋಟಾರು ಹಾಕಲು ಹೊಲಕ್ಕೆ ನಡೆಯುವ ರೈತನಿಗೆ ಆ ಟಾರ್ಚಿನ ಬೆಲೆ ಏನೆಂದು ವಿವರಿಸಬೇಕಿಲ್ಲ. ಜಗತ್ತಿನಾದ್ಯಂತ ಸುಮಾರು 25 ಕೋಟಿ ಸೆಟ್‌ಗಳು ಮಾರಾಟವಾದವು. ಆ ಕಂಪನಿಯ ನೂರು ಕೋಟಿಯನೆಯ ಫೋನ್ 2005ರಲ್ಲಿ ನೈಜೀರಿಯಾದಲ್ಲಿ ಮಾರಾಟವಾಯಿತು. ಅದೂ ಇದೇ 1100.

ಈ ಯಂತ್ರದ ದೊಡ್ಡ ಗುಣವೆಂದರೆ ಅದನ್ನು ಪೂರ್ತಿಯಾಗಿ ಕಲಿತು ಮುಗಿಸಬಹುದಿತ್ತು. ಗುಂಡಿಗಳು ಹದಿನೈದು ಇಪ್ಪತ್ತರೊಳಗೆ. ಇಂದು ಒತ್ತಿದ ಗುಂಡಿ ನಾಳೆಯೂ ಅದೇ ಕೆಲಸ ಮಾಡುತ್ತಿತ್ತು. ಓದು ಬಾರದ ಅಜ್ಜಿಯೂ ಮಗನ ಸಂಖ್ಯೆಯ ಕೊನೆಯ ಅಂಕಿಗಳನ್ನು ಗುರುತಿಟ್ಟುಕೊಂಡು ಯಾರ ಸಹಾಯವಿಲ್ಲದೆ ಮಾತಾಡಿದಳು. ವಾರಕ್ಕೆ ಒಂದೆರಡು ಬಾರಿ ಚಾರ್ಜು ಮಾಡಿದರೆ ಸಾಕು. ಕೈಜಾರಿ ಬಿದ್ದರೆ ಮುಚ್ಚಳ, ಬ್ಯಾಟರಿ ಆಯ್ದು ಜೋಡಿಸಿದರೆ ಮತ್ತೆ ಸಿದ್ಧ. ಯಂತ್ರವೆಂದರೆ ಹೆದರುತ್ತಿದ್ದವರು ಮೊದಲ ಬಾರಿಗೆ ಒಂದು ಯಂತ್ರದ ಒಡೆಯರಾದರು.

ಒಡೆತನದ ಜೊತೆಗೆ ಜಾಣತನವೂ ಬೆಳೆಯಿತು. ‘ಮಿಸ್ ಕಾಲ್’ ಎಂಬುದನ್ನು ಯಾವ ಕಂಪನಿಯೂ ಮಾರಲಿಲ್ಲ. ಅದು ಜನರೇ ಕಟ್ಟಿಕೊಂಡ ಸಂಕೇತ ಭಾಷೆ. ಒಂದು ಸಲ ಕೊಟ್ಟರೆ ಬಸ್ ಇಳಿದೆ ಎಂದು, ಎರಡು ಸಲ ಕೊಟ್ಟರೆ ನೀನೇ ಮಾಡು ಎಂದು, ಅವರವರಲ್ಲಿ ಅವರವರ ಒಪ್ಪಂದ. ಮಾತಿನ ಬಂಡವಾಳಕ್ಕೆ ಕನ್ನಡಿಗರು ಇಟ್ಟ ಹೆಸರು ‘ಕರೆನ್ಸಿ’. ಹತ್ತು ರೂಪಾಯಿ ಕರೆನ್ಸಿ ಹಾಕಿಸಿ ವಾರ ದೂಡುವುದು ಕೂಲಿಯವರಿಗೂ ವಿದ್ಯಾರ್ಥಿಗಳಿಗೂ ಸಮಾನ ವಿದ್ಯೆಯಾಗಿತ್ತು.

ಇನ್ನೂ ಆಳವಾದ ಬದಲಾವಣೆ ಫೋನಿನ ಮೊದಲ ಮಾತಿನಲ್ಲೇ ಕಾಣುತ್ತದೆ. ಮನೆಯ ಫೋನ್ ಎತ್ತಿದವರು ‘ಯಾರು ಬೇಕಾಗಿತ್ತು?’ ಎಂದು ಕೇಳುತ್ತಿದ್ದರು. ಮೊಬೈಲ್ ಬಂದ ಮೇಲೆ ಕರೆ ಮಾಡಿದವರ ಮೊದಲ ಪ್ರಶ್ನೆ ‘ಎಲ್ಲಿದ್ದೀಯ?’. ಮೊದಲಿನದು ಮನೆಗೆ ಬರುತ್ತಿದ್ದ ಕರೆ, ಎರಡನೆಯದು ಮನುಷ್ಯನಿಗೇ ಬಂದ ಕರೆ. ಪ್ಲಂಬರ್, ಆಟೋ ಚಾಲಕ, ಹೂ ಮಾರುವಾಕೆ ತಮ್ಮದೇ ಸಂಖ್ಯೆ ಹೇಳಿಕೊಳ್ಳುವಂತಾದರು. ಆದರೆ ಈ ಸ್ವಾತಂತ್ರ್ಯ ಎಲ್ಲರಿಗೂ ಒಟ್ಟಿಗೆ ದಕ್ಕಲಿಲ್ಲ ಎಂಬುದನ್ನೂ ಹೇಳಬೇಕು. ಬಹಳ ಮನೆಗಳಲ್ಲಿ ಮೊದಲ ಸೆಟ್ ಗಂಡಸಿನ ಜೇಬಿನಲ್ಲಿತ್ತು. ಆತ ‘ಕಲರ್ ಸೆಟ್’ ಕೊಂಡ ಮೇಲೆ ಹಳೆಯದು ಹೆಂಗಸಿನ ಪಾಲಿಗೆ ಬಂತು. ಹೀಗೆ ತಡವಾಗಿ ಬಂದರೂ, ತವರಿನವರ ಜೊತೆ ಹಿತ್ತಲಲ್ಲಿ ನಿಂತು ಗುಟ್ಟಾಗಿ ಮಾತಾಡುವ ಅವಕಾಶ ಆಕೆಗೆ ಸಣ್ಣದೇನಲ್ಲ.

ಕನ್ನಡದ ಪಾಲಿಗೆ ಆ ಸೆಟ್ಟು ಉದಾರವಾಗಿರಲಿಲ್ಲ ನಿಜ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತಿದ್ದರೆ, ಮುಂದೆ ಭಾರತೀಯ ಲಿಪಿಗಳಿಗೆ ಅವಕಾಶ ಬಂದಾಗಲೂ ಯೂನಿಕೋಡ್ ಸಂದೇಶದ ಮಿತಿ 70 ಸಂಕೇತ ಮಾತ್ರ. ಒತ್ತಕ್ಷರ, ಕಾಗುಣಿತಗಳೂ ಅದರಲ್ಲೇ ಲೆಕ್ಕ. ಹಾಗಾಗಿ ಕನ್ನಡದ ಮಾತು ಇಂಗ್ಲಿಷ್ ಅಕ್ಷರದ ವೇಷ ತೊಟ್ಟಿತು. ಬರೆಯಲು ಬಾರದವರಿಗೆ ಮಾತ್ರ ಇದು ಕೊರತೆಯೆನಿಸಲಿಲ್ಲ. ಅವರ ಫೋನು ದನಿಯ ಫೋನು. ದನಿಗೆ ಲಿಪಿಯ ಹಂಗಿಲ್ಲ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿದೆ. ಸ್ಮಾರ್ಟ್‌ಫೋನ್ ಬಂತು, 2014ರಲ್ಲಿ ನೋಕಿಯಾ ತನ್ನ ಹ್ಯಾಂಡ್‌ಸೆಟ್ ವ್ಯವಹಾರವನ್ನು ಮೈಕ್ರೋಸಾಫ್ಟ್‌ಗೆ ಮಾರಿತು. 2016ರಲ್ಲಿ ಬಂದ ಜಿಯೋ ಜಾಲದಲ್ಲಿ ಹಳೆಯ 2ಜಿ ಸೆಟ್ ಕೆಲಸವನ್ನೇ ಮಾಡುವುದಿಲ್ಲ. ಬ್ಯಾಂಕು, ರೇಷನ್, ಬಸ್ಸು, ಆಸ್ಪತ್ರೆಯ ವ್ಯವಹಾರಗಳು ಒಂದೊಂದಾಗಿ ಪರದೆಯ ಮೇಲೆ ಹೋದವು. ಗುಂಡಿ ಫೋನಿನಿಂದಲೂ ಹಣ ಕಳಿಸಲೆಂದು 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ‘ಯುಪಿಐ 123ಪೇ’ ಆರಂಭಿಸಿತು ಎಂಬುದೇ, ಹೊರಗುಳಿದವರು ಎಷ್ಟು ಮಂದಿ ಎಂಬುದಕ್ಕೆ ಸಾಕ್ಷಿ.

‘ಡಬ್ಬಾ ಫೋನ್’ ಎಂದು ಮೊಮ್ಮಕ್ಕಳು ನಗುವ ಆ ಸೆಟ್ಟನ್ನು ಹಿರಿಯರು ಬಿಡದಿರುವುದನ್ನು ಬರಿಯ ಹಳೆಯದರ ಮೋಹ ಎನ್ನಲಾಗದು. ಅಂದು ಯಾರ ಹಂಗಿಲ್ಲದೆ ಮಗಳ ಜೊತೆ ಮಾತಾಡಿದ ತಾಯಿ, ಇಂದು ಒಂದು ಒಟಿಪಿಗಾಗಿ ಹುಡುಗರ ಬಿಡುವು ಕಾಯಬೇಕು. ತಾನು ಪೂರ್ತಿ ಬಲ್ಲ ಒಂದು ಯಂತ್ರ ಕೈಯಲ್ಲಿದ್ದ ಕಾಲವನ್ನು ಆಕೆ ಪ್ರೀತಿಸುತ್ತಿದ್ದಾಳೆ. ಮುಂದಿನ ಯಂತ್ರಗಳನ್ನು ರೂಪಿಸುವವರು ಈ ಪ್ರೀತಿಯನ್ನು ಒಂದು ದೂರು ಎಂದೇ ಓದಿಕೊಳ್ಳುವುದು ಒಳ್ಳೆಯದು.