ಠಾಣೆ ಕಡೆಯ ಮಾಲ್‌ಗಳು: ಒಂದಿಷ್ಟು ನೆನಪು, ಒಂದಿಷ್ಟು ಲೆಕ್ಕ

ಊರಿಂದ ಬಂದ ನೆಂಟರಿಗೆ ಮುಂಬಯಿ ತೋರಿಸೋದು ಅಂದರೆ ಮೊದಲೆಲ್ಲ ಗೇಟ್‌ವೇ, ಮಹಾಲಕ್ಷ್ಮಿ ದೇವಸ್ಥಾನ, ಜುಹು. ಮಕ್ಕಳಿದ್ದರೆ ಎಸ್ಸೆಲ್ ವರ್ಲ್ಡ್. ಆಮೇಲೆ ಅವರೇ "ನಿಮ್ಮಲ್ಲಿ ಒಳ್ಳೆ ಮಾಲ್ ಯಾವುದು?" ಅಂತ ಕೇಳತೊಡಗಿದರು. ಡೊಂಬಿವಲಿಯವನಾದ ನನಗೆ ಇದು ಬಹಳ ವರ್ಷ ಮುಜುಗರದ ಪ್ರಶ್ನೆ. ನಮ್ಮಲ್ಲಿ ಇದ್ದದ್ದು ಫಡಕೆ ರಸ್ತೆ!

ಮುಂಬಯಿಯಲ್ಲಿ ಮಾಲ್ ಅನ್ನುವ ಮಾತು ಜನರ ಬಾಯಿಗೆ ಬಂದದ್ದು 1999ರಲ್ಲಿ, ಹಾಜಿ ಅಲಿ ಹತ್ತಿರ ಕ್ರಾಸ್‌ರೋಡ್ಸ್ ತೆರೆದಾಗ. ನೂಕುನುಗ್ಗಲು ತಡೆಯಲು ಅವರು ಮೊದಮೊದಲು ಒಂದು ನಿಯಮ ಮಾಡಿದ್ದರು: ಮೊಬೈಲ್ ಅಥವಾ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಪ್ರವೇಶ, ಇಲ್ಲದವರು ದುಡ್ಡು ಕೊಡಬೇಕು. ಟೀಕೆ ಜೋರಾಗಿ ನಿಯಮ ಹೋಯಿತು. ನಾನು ಬ್ಯಾಂಕಿನವನು, ಆದರೆ ಆಗ ನನ್ನ ಹತ್ತಿರ ಎರಡೂ ಇರಲಿಲ್ಲ. ಪೇಪರಿನಲ್ಲಿ ಓದಿ ನಕ್ಕಿದ್ದೆ.

ನಮ್ಮ ಕಡೆಗೆ ಗಾಳಿ ಬೀಸಿದ್ದು ಮುಲುಂಡ್ ಮಾರ್ಗವಾಗಿ. ಅಲ್ಲಿ ಆರ್ ಮಾಲ್, ನಿರ್ಮಲ್ ಲೈಫ್‌ಸ್ಟೈಲ್ ಬಂದವು. ಠಾಣೆಯವರು ಭಾನುವಾರ ಒಂದು ಸ್ಟೇಷನ್ ಹಿಂದಕ್ಕೆ ಹೋಗುತ್ತಿದ್ದರು. ನಂತರ ಠಾಣೆಯ ತೀನ್ ಹಾತ್ ನಾಕಾದಲ್ಲಿ ಎಟರ್ನಿಟಿ, 2009ರಲ್ಲಿ ಕೋರಂ, 2013ರಲ್ಲಿ ವಿವಿಯಾನಾ (ಈಗ ಲೇಕ್ ಶೋರ್). ಮಲ್ಟಿಪ್ಲೆಕ್ಸ್‌ಗಳಿಗೆ ಸರ್ಕಾರ ಮನರಂಜನಾ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟದ್ದೂ ಇದಕ್ಕೆ ಒಂದು ಕಾರಣ. ಸಿನಿಮಾ ಮೇಲಿನ ಮಹಡಿಯಲ್ಲಿದ್ದರೆ ಜನ ಎಲ್ಲ ಅಂಗಡಿ ದಾಟಿಯೇ ಹತ್ತಬೇಕಲ್ಲ.

ನವಿ ಮುಂಬಯಿಯ ಕಥೆ ಬೇರೆ. 1970ರಲ್ಲಿ ಹುಟ್ಟಿದ ಸಿಡ್ಕೊ ರೈಲು ನಿಲ್ದಾಣವನ್ನೇ ಪೇಟೆಯ ನಡುವೆ ಇಟ್ಟು ಊರು ಕಟ್ಟಿತು. 1992ರಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ರೈಲು ಬಂತು. ಆಮೇಲೆ ಅಲ್ಲಿ ಸೆಂಟರ್ ಒನ್, ರಘುಲೀಲಾ, ಇನ್‌ಆರ್ಬಿಟ್. 2017ರಲ್ಲಿ ಸೀವುಡ್ಸ್‌ನಲ್ಲಿ ನಿಲ್ದಾಣದ ನೆತ್ತಿಯ ಮೇಲೆಯೇ ಮಾಲ್. ಕಲ್ಯಾಣ್ ಪೂರ್ವಕ್ಕೆ ಮೆಟ್ರೊ ಮಾಲ್ ಸಿಕ್ಕಿತು. ನಮಗೆ ಕೊನೆಗೆ ಶೀಲ್ ರಸ್ತೆಯ ಪಲಾವಾದಲ್ಲಿ ಎಕ್ಸ್‌ಪೀರಿಯಾ.

ಮಕ್ಕಳ ಆಟದ ಅಂಗಳ ಮಾತ್ರ ಎಲ್ಲ ಕಡೆಯೂ ಒಂದೇ ಥರ. ಮೊದಲು ಕಾರ್ಡಿಗೆ ದುಡ್ಡು ತುಂಬಿಸಬೇಕು, ಆಡಿ ಗೆದ್ದರೆ ಟಿಕೆಟ್ ಮಾಲೆ, ಅದನ್ನು ಕೊಟ್ಟರೆ ಒಂದು ಪೆನ್ಸಿಲ್. ಕಾರ್ಡಿನಲ್ಲಿ ಉಳಿಯುವ ಮೂವತ್ತು ನಲವತ್ತು ರೂಪಾಯಿ ಬಡ್ಡಿಯಿಲ್ಲದ ಠೇವಣಿ ಅಂತ ನಾನಂದರೆ ಮಗಳು, "ಅಪ್ಪಾ, ಇಲ್ಲೂ ಬ್ಯಾಂಕಾ?" ಅನ್ನುತ್ತಿದ್ದಳು.

ಲೆಕ್ಕದ ಮಾತು ಬಂದದ್ದಕ್ಕೆ ಇದನ್ನು ಹೇಳಲೇಬೇಕು. ಮಾಲ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಇಡೀ ಕಟ್ಟಡ ಒಬ್ಬರದೇ, ಅಂಗಡಿಗಳು ಬಾಡಿಗೆಗೆ. ಇನ್ನೊಂದರಲ್ಲಿ ಬಿಲ್ಡರ್ ಒಂದೊಂದೇ ಅಂಗಡಿ ಮಾರಿ ಕೈತೊಳೆದುಕೊಳ್ಳುತ್ತಾನೆ. ನೂರಾರು ಮಾಲೀಕರು; ಯಾವ ಅಂಗಡಿ ಎಲ್ಲಿರಬೇಕು ಅಂತ ಹೇಳುವವರಿಲ್ಲ, ನಿರ್ವಹಣೆಗೆ ಎಲ್ಲರೂ ದುಡ್ಡು ಕಟ್ಟುವುದಿಲ್ಲ. ಮೊದಲು ಎಸ್ಕಲೇಟರ್ ನಿಲ್ಲುತ್ತದೆ, ಆಮೇಲೆ ಎಸಿ.

2006ರಲ್ಲಿ ಕುಂದಾಪುರ ಕಡೆಯವರೊಬ್ಬರು ನನ್ನ ಮೇಜಿಗೆ ಬಂದರು. ಹೋಟೆಲಿನ ಪಾಲು ಮಾರಿ ಇಂಥದೇ ಒಂದು ಮಾಲ್‌ನ ಎರಡನೇ ಮಹಡಿಯಲ್ಲಿ ಪುಟ್ಟ ಅಂಗಡಿ ಹಿಡಿದಿದ್ದರು. "ಎಸಿಯಲ್ಲಿ ಕೂತು ವ್ಯಾಪಾರ ಮಾಡುವಾ ಅಂತ ಮಾರಾಯ್ರೆ, ಒಲೆ ಮುಂದೆ ನಿಂತು ಸಾಕಾಯ್ತು" ಅಂದರು. ಬಾಕಿ ಹಣಕ್ಕೆ ಸಾಲ. ಕಾಗದ ಎಲ್ಲ ಸರಿ ಇತ್ತು. ಎರಡನೇ ಮಹಡಿಗೆ ಜನ ಯಾಕೆ ಹತ್ತುತ್ತಾರೆ ಅಂತ ನಾನು ಕೇಳಲಿಲ್ಲ. ಆ ಫಾರಂನಲ್ಲಿ ಅಂಥ ಕಾಲಂ ಇರಲಿಲ್ಲ.

ಮೂರು ವರ್ಷದಲ್ಲಿ ಶಟರ್ ಇಳಿಯಿತು. ಬಾಡಿಗೆಗೂ ಯಾರೂ ಬರಲಿಲ್ಲ. ಅವರು ಸ್ಟೇಷನ್ ಪಕ್ಕ ಇಡ್ಲಿ-ವಡೆ ಕೌಂಟರ್ ಹಾಕಿ, ಮತ್ತೆ ಒಲೆ ಮುಂದೆ ನಿಂತು, ಕೊನೆಯ ಕಂತಿನ ತನಕ ಕಟ್ಟಿದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ಈಗಲೂ ಬೆಳಗ್ಗೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಅಲ್ಲಿ ನಿಂತರೆ, "ಸಾಹೇಬ್ರಿಗೆ ಚಟ್ನಿ ಜಾಸ್ತಿ ಹಾಕು" ಅಂತ ಹುಡುಗನಿಗೆ ಹೇಳುತ್ತಾರೆ. ದುಡ್ಡು ತೆಗೆದುಕೊಳ್ಳುವಂತೆ ಮಾಡುವುದೇ ನನಗೆ ದೊಡ್ಡ ಕೆಲಸ.