ರೋಜರ್ ಮಾಂಟ್‌ಗೊಮರಿಯ ಹಿಡುವಳಿಗಳು: ಒಂದು ಅವಲೋಕನ

ಮಧ್ಯಯುಗದ ಪ್ರಭುವೊಬ್ಬನ ಚರಿತ್ರೆಯನ್ನು ಅವನು ಹೂಡಿದ ಯುದ್ಧಗಳ ಮೂಲಕ ನಿರೂಪಿಸುವುದು ವಾಡಿಕೆ. ಅದನ್ನೇ ಅವನ ಭೂಹಿಡುವಳಿಗಳ ಲೆಕ್ಕದ ಮೂಲಕ ಓದಲು ಹೊರಟರೆ, ಅವನಿಗೆ ದೊರೆತದ್ದೇನು ಎಂಬುದರ ಜೊತೆಗೆ ಕಳೆದುಕೊಂಡವರು ಯಾರು, ಭಾರವನ್ನು ಹೊತ್ತವರು ಯಾರು ಎಂಬ ಪ್ರಶ್ನೆಗಳೂ ಎದುರಾಗುತ್ತವೆ. ಹನ್ನೊಂದನೆಯ ಶತಮಾನದ ನಾರ್ಮನ್ ಶ್ರೀಮಂತ ರೋಜರ್ ಮಾಂಟ್‌ಗೊಮರಿಯ ಬದುಕನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ರೋಜರನು ನಾರ್ಮಂಡಿಯ ಡ್ಯೂಕ್ ವಿಲಿಯಂನ ಆಪ್ತರಲ್ಲಿ ಒಬ್ಬ. ಬೆಲೆಮ್ ಮನೆತನದ ಮೇಬಲಳನ್ನು ವಿವಾಹವಾದುದರಿಂದ ನಾರ್ಮಂಡಿಯ ದಕ್ಷಿಣದ ಗಡಿನಾಡಿನಲ್ಲಿ ಅವನ ಪ್ರಭಾವ ಬೆಳೆಯಿತು. 1070ರ ದಶಕದ ಉತ್ತರಾರ್ಧದಲ್ಲಿ ಮೇಬಲ್ ಕೊಲೆಯಾದಳು. ಅವಳಿಂದ ಕೋಟೆಯನ್ನು ಕಳೆದುಕೊಂಡವನೇ ಅವಳನ್ನು ಕೊಂದನೆಂದು ಚರಿತ್ರೆಕಾರ ಆರ್ಡರಿಕ್ ವಿಟಾಲಿಸ್ ಬರೆದಿದ್ದಾನೆ. ಆರ್ಡರಿಕನ ತಂದೆ ರೋಜರನ ಆಶ್ರಿತ ಪಾದ್ರಿಯಾಗಿದ್ದುದರಿಂದ ಅವನ ಮಾತಿಗೆ ವಿಶೇಷ ಬೆಲೆಯುಂಟು. 1066ರ ಹೇಸ್ಟಿಂಗ್ಸ್ ಕದನದಲ್ಲಿ ರೋಜರನು ಹೋರಾಡಿದನೆಂದು ಹನ್ನೆರಡನೆಯ ಶತಮಾನದ ಕವಿ ವೇಸ್ ಹೇಳುತ್ತಾನೆ. ಆದರೆ ರಾಣಿ ಮಟಿಲ್ಡಾಳೊಂದಿಗೆ ನಾರ್ಮಂಡಿಯ ರಕ್ಷಣೆಗೆ ನಿಂತಿದ್ದು, 1067ರ ಕೊನೆಯಲ್ಲಿ ಇಂಗ್ಲೆಂಡಿಗೆ ಬಂದನೆಂಬ ಆರ್ಡರಿಕನ ಹೇಳಿಕೆಯನ್ನೇ ನಾವು ಒಪ್ಪಬೇಕಾಗುತ್ತದೆ.

ಅವನಿಗೆ ಮೊದಲು ಸಸೆಕ್ಸ್‌ನಲ್ಲಿ ಅರಂಡೆಲ್ ಮತ್ತು ಚಿಚೆಸ್ಟರ್, ಕೆಲವೇ ವರ್ಷಗಳಲ್ಲಿ ವೇಲ್ಸ್ ಗಡಿಯ ಶ್ರಾಪ್‌ಷೈರ್ ದೊರೆತವು. ಮರ್ಸಿಯಾದ ಅರ್ಲ್ ಎಡ್ವಿನ್ 1071ರಲ್ಲಿ ಹತನಾದದ್ದು ಈ ಎರಡನೆಯ ದಾನಕ್ಕೆ ದಾರಿ ಮಾಡಿತು. ಶ್ರಾಪ್‌ಷೈರಿನ ಹೆಚ್ಚಿನ ಭೂಮಿಯೆಲ್ಲ ಅರ್ಲ್ ರೋಜರನ ಕೈಸೇರಿತು. ಅವನು ಅದನ್ನು ಷೆರಿಫ್ ವಾರಿನ್, ಕಾರ್ಬೆಟ್, ಪಿಕೊ ಮೊದಲಾದ ತನ್ನ ಅನುಚರರಿಗೆ ಹಂಚಿದನು. ಗಡಿಯಲ್ಲಿ ಕಟ್ಟಿಸಿದ ಕೋಟೆಗೆ ತನ್ನ ನಾರ್ಮಂಡಿಯ ಊರಾದ ಮಾಂಟ್‌ಗೊಮರಿಯ ಹೆಸರನ್ನೇ ಇಟ್ಟನು.

1086ರ ಡೂಮ್ಸ್‌ಡೇ ಸಮೀಕ್ಷೆಯು ಇದನ್ನೆಲ್ಲ ದಾಖಲಿಸಿದೆ. ಎಡ್ವರ್ಡ್ ದೊರೆಯ ಕಾಲದಲ್ಲಿ ಯಾರು ಹೊಂದಿದ್ದರು, ಈಗ ಯಾರು ಹೊಂದಿದ್ದಾರೆ ಎಂಬ ಅದರ ಕ್ರಮವೇ ಒಂದು ವರ್ಗದ ಅಳಿವಿನ ಕಥೆಯಾಗಿದೆ. ಶ್ರೂಸ್‌ಬರಿ ಪಟ್ಟಣದ ದಾಖಲೆ ಇಲ್ಲಿ ಗಮನಾರ್ಹ. ಎಡ್ವರ್ಡನ ಕಾಲದಲ್ಲಿ ಅಲ್ಲಿ 252 ಮನೆಗಳಿದ್ದವು. ಅರ್ಲನ ಕೋಟೆ 51 ನಿವೇಶನಗಳನ್ನು ಆಕ್ರಮಿಸಿತು; 50 ಪಾಳುಬಿದ್ದವು; 43 ಫ್ರೆಂಚ್ ನಾಗರಿಕರ ವಶವಾದವು; ತೆರಿಗೆ ತೆರುತ್ತಿದ್ದ 39 ನಾಗರಿಕರನ್ನು ಅರ್ಲನು ತಾನು ಕಟ್ಟಿಸುತ್ತಿದ್ದ ಮಠಕ್ಕೆ ದತ್ತಿಯಾಗಿ ಕೊಟ್ಟನು. ಒಟ್ಟು 193 ನಿವೇಶನಗಳು ತೆರಿಗೆ ಕೊಡುತ್ತಿಲ್ಲವೆಂದು ಲಿಪಿಕಾರನು ಬರೆದಿದ್ದಾನೆ. ಅವನೇ ಕೊಟ್ಟ ಈ ಅಂಕಿಗಳನ್ನು ಕೂಡಿದರೆ 183 ಬರುತ್ತದೆ. ಆದರೂ ಹಿಂದಿನಷ್ಟೇ ತೆರಿಗೆಯನ್ನು ತೆರಬೇಕಾಗಿರುವುದು ತಮಗೆ ಬಹು ಕಷ್ಟವೆಂದು ಇಂಗ್ಲಿಷ್ ನಾಗರಿಕರು ದೂರಿಕೊಂಡರು. 1083ರಲ್ಲಿ ಸ್ಥಾಪಿತವಾದ ಆ ಮಠವನ್ನು ರೋಜರನ ಧರ್ಮಶ್ರದ್ಧೆಯ ಸಾಕ್ಷಿಯಾಗಿ ಮಾತ್ರ ನೋಡುವವರು ಈ ದೂರನ್ನೂ ಓದಬೇಕು. ಪುಣ್ಯ ದಾನಿಯ ಪಾಲಿಗೆ ಸಂದಿತು. ತೆರಿಗೆ ಉಳಿದ ನೆರೆಯವರ ಪಾಲಿಗೆ ಬಿತ್ತು.

ರೋಜರನು 1094ರಲ್ಲಿ ಅದೇ ಮಠದಲ್ಲಿ ಸನ್ಯಾಸಿಯಾಗಿ ಮೃತನಾದನು. ಇಂಗ್ಲೆಂಡಿನ ಭೂಮಿ ಮಗ ಹ್ಯೂಗೆ, ನಾರ್ಮಂಡಿಯ ಭೂಮಿ ಹಿರಿಯ ಮಗ ರಾಬರ್ಟನಿಗೆ ಹೋಯಿತು. ಹ್ಯೂ 1098ರಲ್ಲಿ ಆಂಗಲ್ಸಿಯಲ್ಲಿ ನಾರ್ವೆಯವರ ಬಾಣಕ್ಕೆ ಬಲಿಯಾದಾಗ, ರಾಬರ್ಟನು 3,000 ಪೌಂಡ್ ತೆತ್ತು ತಮ್ಮನ ಪಾಲನ್ನು ಪಡೆದನೆಂದು ಆರ್ಡರಿಕ್ ಹೇಳುತ್ತಾನೆ. 1102ರಲ್ಲಿ ಒಂದನೆಯ ಹೆನ್ರಿಯ ವಿರುದ್ಧ ದಂಗೆಯೆದ್ದ ಅವನು ಅರಂಡೆಲ್, ಬ್ರಿಜ್‌ನಾರ್ತ್, ಶ್ರೂಸ್‌ಬರಿಗಳೆಲ್ಲವನ್ನೂ ಕಳೆದುಕೊಂಡನು. ಅರಸನ ಕೃಪೆಯಿಂದ ಬಂದ ಹಿಡುವಳಿ ಅರಸನ ಕೋಪದಿಂದ ಹೋಯಿತು. ಮೂವತ್ತೈದು ವರ್ಷಗಳ ಆ ವೈಭವದಲ್ಲಿ ಗಡಿಯ ಊರಿಗೆ ಮಾಂಟ್‌ಗೊಮರಿ ಎಂಬ ಹೆಸರು ಉಳಿದುಬಂದಿದೆ. ಅದರ ಜೊತೆಗೆ, ಹೆಸರಿಲ್ಲದ ಶ್ರೂಸ್‌ಬರಿಯ ನಾಗರಿಕರ ಆ ದೂರೂ ಉಳಿದಿದೆ. ಚರಿತ್ರೆಯ ಅಧ್ಯಯನದಲ್ಲಿ ಎರಡನೆಯದಕ್ಕೂ ಸಮಾನ ಸ್ಥಾನವಿರಬೇಕೆಂಬುದು ನಮ್ಮ ಅಭಿಪ್ರಾಯ.